ಒಂದು ಸಾಲಿಗೆ ಒಂದೇ ಹೆಜ್ಜೆ

ಎಂಟನೆಯ ತರಗತಿಯಲ್ಲಿ ನಮಗೆ ಬೀಜಗಣಿತ ಕಲಿಸಿದ ಗುರುಗಳು ಕಪ್ಪುಹಲಗೆಯ ನಡುವೆ ಒಂದು ಗೆರೆ ಎಳೆದು, ಎಡಗಡೆ ಲೆಕ್ಕವನ್ನೂ ಬಲಗಡೆ ಪ್ರತಿ ಸಾಲಿನ ಕಾರಣವನ್ನೂ ಬರೆಯುತ್ತಿದ್ದರು. ನಾವೂ ಹಾಗೆಯೇ ಬರೆಯಬೇಕಿತ್ತು. ಹಂತಗಳಿಲ್ಲದ ಸರಿಯುತ್ತರಕ್ಕೆ ಅವರು ಅಂಕ ಕೊಡುತ್ತಿರಲಿಲ್ಲ. ಹಂತಗಳೆಲ್ಲ ಸರಿಯಿದ್ದು ಕೊನೆಯ ಕೂಡುವಿಕೆಯಲ್ಲಿ ಎಡವಿದವರಿಗೆ ಮಾತ್ರ ಧಾರಾಳವಾಗಿ ಕೊಡುತ್ತಿದ್ದರು. ಅದು ನ್ಯಾಯವೆಂದೇ ಇಂದಿಗೂ ನನ್ನ ನಂಬಿಕೆ.

ಅವ್ಯಕ್ತ ಸಂಖ್ಯೆಯನ್ನು 'ಅ' ಎಂದು ಕರೆದರೆ, ಅವರಿಗೆ ಬಹಳ ಪ್ರಿಯವಾಗಿದ್ದ ಸಮೀಕರಣದ ಬಗೆ ಇದು: 9 − 2(ಅ − 3) = 5. ನೋಡಲು ಚಿಕ್ಕದಾದರೂ ತರಗತಿಯ ಬಹುಪಾಲು ಸಮಯವನ್ನು ಅವರು ಇದರ ಮೊದಲ ಹಂತಕ್ಕೇ ಮೀಸಲಿಡುತ್ತಿದ್ದರು. 9ರಿಂದ 2ನ್ನು ಕಳೆದು 7 ಎಂದು ಬರೆಯುವಂತಿಲ್ಲ, ಏಕೆಂದರೆ ಆ 2 ಆವರಣಕ್ಕೆ ಗುಣಕವಾಗಿ ಅಂಟಿಕೊಂಡಿದೆ, ಮತ್ತು ಗುಣಾಕಾರವು ವ್ಯವಕಲನಕ್ಕಿಂತ ಮೊದಲು ನಡೆಯಬೇಕು. ಆವರಣ ಬಿಡಿಸುವಾಗ −2 ಒಳಗಿನ ಎರಡೂ ಪದಗಳನ್ನು ಗುಣಿಸುತ್ತದೆ. −2 ಮತ್ತು −3ರ ಗುಣಲಬ್ಧ +6. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬ ಈ ನಿಯಮವನ್ನು ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲೇ ಹೇಳಿದ್ದನೆಂದು ತಿಳಿಸುವಾಗ ಗುರುಗಳ ದನಿಯಲ್ಲಿ ಗೌರವ ತುಂಬಿರುತ್ತಿತ್ತು. ಹೀಗೆ 9 − 2ಅ + 6 = 5 ಆಗುತ್ತದೆ; ಮುಂದಿನ ಸಾಲು 15 − 2ಅ = 5.

ಇಲ್ಲಿ 15 'ಆಚೆಗೆ ಹೋಗಿ ಚಿಹ್ನೆ ಬದಲಿಸುತ್ತದೆ' ಎನ್ನಲು ಅವರು ಬಿಡುತ್ತಿರಲಿಲ್ಲ. ಎರಡೂ ಬದಿಯಿಂದ 15ನ್ನು ಕಳೆದಿದ್ದೇವೆ ಎಂದೇ ಬಲಗಡೆ ಬರೆಯಬೇಕು. 1557ರಲ್ಲಿ ಸಮಚಿಹ್ನೆಯನ್ನು ಬಳಕೆಗೆ ತಂದ ರಾಬರ್ಟ್ ರೆಕಾರ್ಡ್, ಎರಡು ಸಮಾಂತರ ರೇಖೆಗಳಿಗಿಂತ ಹೆಚ್ಚು ಸಮವಾದುದು ಬೇರೊಂದಿಲ್ಲವೆಂಬ ಕಾರಣಕ್ಕೆ ಅದನ್ನು ಆರಿಸಿಕೊಂಡನಂತೆ; ಆ ಸಮತ್ವವನ್ನು ಪ್ರತಿ ಸಾಲಿನಲ್ಲೂ ಕಾಪಾಡುವುದೇ ನಮ್ಮ ಕೆಲಸವಾಗಿತ್ತು. −2ಅ = −10, ಆದ್ದರಿಂದ ಅ = 5.

ಅಷ್ಟಕ್ಕೆ ಲೆಕ್ಕ ಮುಗಿಯುತ್ತಿರಲಿಲ್ಲ, ತಾಳೆ ನೋಡಬೇಕಿತ್ತು. ಅದೂ ಕೊಟ್ಟ ಸಮೀಕರಣದಲ್ಲೇ ಬೆಲೆಯನ್ನು ಆದೇಶಿಸಿ, ಅಂದರೆ 'ಅ' ಇದ್ದಲ್ಲಿ ಅದರ ಬೆಲೆಯನ್ನು ಇಟ್ಟು, ನಡುವಿನ ಯಾವುದೋ ಸಾಲಿನಲ್ಲಲ್ಲ. ಯಾರಾದರೂ +6ರ ಬದಲು −6 ಎಂದು ಬರೆದಿದ್ದರೆ ಅ = −1 ಬರುತ್ತದೆ; ಆ ತಪ್ಪು ಸಾಲಿನಲ್ಲಿ ಆದೇಶಿಸಿದರೆ 9 + 2 − 6, ಅಂದರೆ 5, ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ಮೂಲ ಸಮೀಕರಣದಲ್ಲಿ ಆದೇಶಿಸಿದಾಗ ಮಾತ್ರ ಎಡಭಾಗ 17 ಎಂದು ಬಂದು, ತಪ್ಪು ಮೊದಲ ಹಂತದಲ್ಲೇ ಆದದ್ದು ಹೊರಬೀಳುತ್ತದೆ.