ನಮ್ಮ ಡಿಸೈನ್ ಮೇಷ್ಟ್ರು ಮತ್ತು ಅಡಿಕೆ ಸುಲಿಯುವ ಮಷೀನು

ಇಂಜಿನಿಯರಿಂಗ್ ಕಾಲೇಜಿನ ನಮ್ಮ ಮಷೀನ್ ಡಿಸೈನ್ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ದಿನ ಎಲ್ಲರೂ ನೆನೆಸಿಕೊಂಡದ್ದು ಒಂದನ್ನೇ, ಅಡಿಕೆ ಮಷೀನು. ಗೇರು, ಶಾಫ್ಟು, ಬೇರಿಂಗಿನ ಲೆಕ್ಕ ಯಾರಿಗೂ ನೆನಪಿಲ್ಲ. ಆ ಮಷೀನಿನ ಬೋಲ್ಟುಗಳು ನೆನಪಿವೆ.

ಮೆಕ್ಯಾನಿಕಲ್‌ನವರಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಅಂದರೆ ವೈವಾ ಮುಗಿಯುವವರೆಗಿನ ಮಾತು. ಆಮೇಲೆ ಮಾಡಿದ್ದೆಲ್ಲ ಗುಜರಿಗೆ. ಮೇಷ್ಟ್ರಿಗೆ ಇದು ಸರಿಬರುತ್ತಿರಲಿಲ್ಲ. ಹಿಂದಿನ ಬ್ಯಾಚು ಬಿಟ್ಟುಹೋದ ಮಷೀನನ್ನೇ ಮುಂದಿನವರು ಎತ್ತಿಕೊಳ್ಳಬೇಕು. ಅವರ ನೋಟ್‌ಬುಕ್ ಓದಿ, ಎಲ್ಲಿ ಕೈಕೊಟ್ಟಿತೋ ಅಲ್ಲಿಂದ ಶುರು ಮಾಡಬೇಕು. ನಮ್ಮನ್ನು ಎರಡನೇ ವರ್ಷದಲ್ಲೇ ಸೀನಿಯರ್‌ಗಳ ಜೊತೆ ಸೇರಿಸಿದ್ದರು.

ಮೊದಲು ಡ್ರಾಯಿಂಗ್ ಹಾಳೆ ಮುಟ್ಟಲೂ ಬಿಡಲಿಲ್ಲ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಸಮಯಕ್ಕೆ ಸಾಗರದ ಕಡೆಯ ಒಂದು ಮನೆಗೆ ಕಳಿಸಿದರು. ರಾತ್ರಿ ಚಪ್ಪರದಡಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಕತ್ತಿ ಸಿಪ್ಪೆಗೆ ಎಷ್ಟು ಬೇಕೋ ಅಷ್ಟೇ ತಾಗುತ್ತಿತ್ತು. ಮಣಿಕಟ್ಟು ತಿರುಗಿದ ಕೂಡಲೇ ಸಿಪ್ಪೆ ಬಿಚ್ಚಿಕೊಳ್ಳುತ್ತಿತ್ತು. ಒಳಗಿನ ಅಡಿಕೆಗೆ ಗಾಯವಾದರೆ ರೇಟು ಬಿತ್ತು ಅಂತಲೇ ಲೆಕ್ಕ. ನಾನು ಬರೆದುಕೊಳ್ಳುತ್ತಿದ್ದೆ. ಒಬ್ಬ ಅಜ್ಜಿ, "ತಮ್ಮಾ, ಸುಮ್ನೆ ನೋಡಿದ್ರೆ ಬರಲ್ಲ ಇದು, ಕೂತು ಸುಲಿ" ಅಂದರು. ಕೂತೆವು. ಬೆರಳಿಗೆ ಹತ್ತಿದ ಕಲೆ ಎಷ್ಟು ತೊಳೆದರೂ ಹೋಗಲಿಲ್ಲ.

ತೊಡಕು ಎಲ್ಲಿ ಅಂತ ಗೊತ್ತಾದದ್ದೂ ಅಲ್ಲೇ. ಒಂದೇ ಕೊನೆಯ ಕಾಯಿಗಳಾದರೂ ಒಂದೇ ಗಾತ್ರ ಇರುವುದಿಲ್ಲ. ಸೀನಿಯರ್‌ಗಳ ಮಷೀನಿನಲ್ಲಿ ಬ್ಲೇಡಿಗೂ ರಬ್ಬರ್ ರೋಲರಿಗೂ ನಡುವಿನ ಸಂದು ಬದಲಾಗುತ್ತಲೇ ಇರಲಿಲ್ಲ. ಸಣ್ಣ ಕಾಯಿ ಸುಲಿಯದೆ ಜಾರುತ್ತಿತ್ತು, ದಪ್ಪದ್ದು ಕೊಯ್ದುಹೋಗುತ್ತಿತ್ತು. ಬುಟ್ಟಿಗಟ್ಟಲೆ ಕಾಯಿಗಳನ್ನು ವರ್ನಿಯರಿನಲ್ಲಿ ಅಳೆದು ಗ್ರಾಫ್ ಹಾಕಿದೆವು. ರೋಲರಿಗೆ ಸ್ಪ್ರಿಂಗ್ ಕೊಟ್ಟು, ದಪ್ಪ ಕಾಯಿ ಬಂದಾಗ ಅದೇ ಹಿಂದೆ ಸರಿಯುವ ಹಾಗೆ ಮಾಡುವ ಯೋಚನೆ ನನಗೆ ಹೊಳೆಯಿತು. ಆಮೇಲೆ ಎಷ್ಟೋ ಮಷೀನುಗಳನ್ನು ಡಿಸೈನ್ ಮಾಡಿದ್ದೇನೆ. ಹೆಮ್ಮೆ ಮಾತ್ರ ಇದರ ಮೇಲೇ ಜಾಸ್ತಿ.

ಟ್ರಯಲ್ ನೋಡಲು ಮೋಟಾರ್ ಇರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹಾಸ್ಟೆಲ್ ಮೆಸ್ಸಿನ ಗ್ರೈಂಡರಿನ ಮೋಟಾರ್ ಬಿಚ್ಚಿ ವರ್ಕ್‌ಶಾಪಿಗೆ ಹೊತ್ತೊಯ್ದೆವು. ಸಂಜೆ ಹಿಟ್ಟು ರುಬ್ಬಲು ಬಂದ ಅಡುಗೆ ಭಟ್ಟರು ಕಂಗಾಲು. ಭಾನುವಾರ ಇಡೀ ಹಾಸ್ಟೆಲ್ಲಿಗೆ ಇಡ್ಲಿ ಬದಲು ಉಪ್ಪಿಟ್ಟು. ವಾರ್ಡನ್ ನಮ್ಮನ್ನು ಮೇಷ್ಟ್ರ ಮುಂದೆ ನಿಲ್ಲಿಸಿದರು. ಮೇಷ್ಟ್ರು ಕೇಳಿದ್ದು, "ಬಿಚ್ಚೋಕೆ ಮುಂಚೆ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿದ್ರೇನ್ರೋ?" ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದ ಚಾರ್ಜು ಶಾಕ್ ಹೊಡೆಯಬಹುದು. ಹೂಂ ಸಾರ್ ಅಂದೆವು. "ಸರಿ. ಅಡಿಕೆ ಸುಲೀತಾ?" ಭಟ್ಟರ ಹತ್ತಿರ ಕ್ಷಮೆ ಕೇಳಿಸಿದರು. ಮರುವಾರ ತಮ್ಮ ದುಡ್ಡಿನಲ್ಲೇ ಹಳೆಯ ಮೋಟಾರ್ ಒಂದನ್ನು ತಂದುಕೊಟ್ಟರು.

2010ರ ಜುಲೈ 12ರಂದು ಬೆಂಗಳೂರು, ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಕಟ್ಟಿದ ಸ್ಟಡ್‌ಸ್ಯಾಟ್ ಇಸ್ರೋದ ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಹಾರಿತು. ಒಂದು ಕೆಜಿಯೂ ತೂಗದ ಉಪಗ್ರಹ. ಅವತ್ತು ಮೇಷ್ಟ್ರು ಫೋನ್ ಮಾಡಿ, "ನೋಡಿದ್ಯೇನಪ್ಪಾ? ವರ್ಷಗಟ್ಟಲೆ ಬಿಡದೆ ಕೂತ್ರೆ ಮಕ್ಕಳು ಎಲ್ಲಿಗೆ ಮುಟ್ಟಿಸ್ತಾರೆ!" ಅಂದಿದ್ದರು. ದನಿಯಲ್ಲಿ ತಮ್ಮ ಮನೆಯ ಮಕ್ಕಳೇ ಗೆದ್ದಷ್ಟು ಖುಷಿ.

ಈಗ ದುಡ್ಡು ಕೊಟ್ಟರೆ ಪ್ರಾಜೆಕ್ಟು, ರಿಪೋರ್ಟು ಎರಡೂ ರೆಡಿಮೇಡ್ ಸಿಗುತ್ತವೆ. ಕೇಳಿದರೆ ಬೇಜಾರಾಗುತ್ತದೆ. ತಪ್ಪು ಮಕ್ಕಳದ್ದು ಅಂತ ನಾನು ಹೇಳುವುದಿಲ್ಲ. ಇಂಟರ್ನಲ್ಸು, ಪ್ಲೇಸ್‌ಮೆಂಟಿನ ನಡುವೆ ಅವರಿಗೆ ಸಮಯ ಎಲ್ಲಿದೆ? ಹಣದ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಷ್ಟೋ ದಶಕಗಳಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಿದೆ. ಬೇಕಾಗಿರುವುದು, ಒಂದೇ ಕೆಲಸವನ್ನು ಬ್ಯಾಚಿನಿಂದ ಬ್ಯಾಚಿಗೆ ದಾಟಿಸುವ ಮೇಷ್ಟ್ರು.

ನಮ್ಮ ಬ್ಯಾಚಿನ ನೋಟ್‌ಬುಕ್ಕುಗಳು, ಡ್ರಾಯಿಂಗುಗಳು ನನ್ನ ಹತ್ತಿರ ಇವೆ. ಈಗಿನ ಎರಡನೇ ವರ್ಷದವರು ಯಾರಾದರೂ ಮುಂದುವರಿಸುತ್ತೇವೆ ಅಂದರೆ ಕೊಯ್ಲು ಶುರುವಾದಾಗ ನಾನೇ ಬರುತ್ತೇನೆ. ಸಾಗರದ ಆ ಮನೆಯವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.