ಅರ್ಧ ಬಾಟಲಿ ಬ್ರೇಕ್ ಆಯಿಲ್

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನಾನು ಫ್ಲೋರ್ ಇನ್‌ಚಾರ್ಜ್ ಆಗಿರುವ ಗ್ಯಾರೇಜಿಗೆ ಬರುವ ಬ್ರೇಕ್ ಕೆಲಸವೆಲ್ಲ ಹೆಚ್ಚುಕಡಿಮೆ ಘಟ್ಟದ ಕೆಲಸವೇ. ಹುಲಿಕಲ್ ಘಾಟಿಯನ್ನು ಮೂರನೇ ಗೇರಿನಲ್ಲಿ ಇಳಿಸಿ ಪ್ಯಾಡ್ ಸುಟ್ಟುಕೊಂಡವರು, ಮಳೆಗಾಲವಿಡೀ ಕಾರು ನಿಲ್ಲಿಸಿ ಡ್ರಮ್ ಹಿಡಿಸಿಕೊಂಡವರು, ಇಂಥವರೇ ನಮ್ಮ ಗಿರಾಕಿಗಳು. ಆದ್ದರಿಂದ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಾದ ಗೌಡರೊಬ್ಬರು ತಮ್ಮ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕನ್ನು ತಂದು ನಿಲ್ಲಿಸಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಇದೆ, ಅದಕ್ಕೆ ತಕ್ಕ ಬ್ರೇಕ್ ಹಾಕಿಕೊಡಿ ಎಂದಾಗ ನನಗೆ ಹೊಸ ಉತ್ಸಾಹ ಬಂದದ್ದು ಸುಳ್ಳಲ್ಲ.

ಗೌಡರ ಮನಸ್ಸಿನಲ್ಲಿದ್ದದ್ದು ದೊಡ್ಡ ಡಿಸ್ಕ್ ಮತ್ತು ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಇರುವ ಕಿಟ್. ನಮ್ಮ ಮಾಲೀಕರ ಮನಸ್ಸಿನಲ್ಲಿದ್ದದ್ದೂ ಅದೇ, ಏಕೆಂದರೆ ಅದರಲ್ಲಿ ಉಳಿಯುವ ದುಡ್ಡು ಬೇರೆ ಯಾವ ಕೆಲಸದಲ್ಲೂ ಉಳಿಯುವುದಿಲ್ಲ. ಆ ಕಿಟ್ ಬೇಡವೆಂದು ನಾನು ವಾದಿಸಿದ್ದು ಸರಿಯಾಗಿಯೇ ಇತ್ತೆಂದು ಇಂದಿಗೂ ಹೇಳುತ್ತೇನೆ. ಆ ಕ್ಯಾಲಿಪರ್ ಅವರ 15 ಇಂಚಿನ ವೀಲಿನೊಳಗೆ ಕೂರುತ್ತಿರಲಿಲ್ಲ. ಕೂರಿಸಿದರೂ ಹಿಂದೆ ಡ್ರಮ್ ಇರುವ ಕಾರಿಗೆ ಮುಂದಿನ ಹಿಡಿತವನ್ನಷ್ಟೇ ಹೆಚ್ಚಿಸಿದರೆ ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮೊದಲೇ ಎದ್ದು ಕೂರುತ್ತದೆ. ಕಾರು ಎಷ್ಟು ದೂರದಲ್ಲಿ ನಿಲ್ಲಬೇಕೆಂದು ಕೊನೆಗೆ ತೀರ್ಮಾನಿಸುವುದು ಟೈರು. ದೊಡ್ಡ ಡಿಸ್ಕಿನ ನಿಜವಾದ ಪ್ರಯೋಜನವೆಂದರೆ ಅದು ಹೆಚ್ಚು ಶಾಖವನ್ನು ನುಂಗಿಕೊಳ್ಳುತ್ತದೆ ಎಂಬುದಷ್ಟೇ.

ಕಡೆಗೆ ಕಂಪನಿ ಅಳತೆಯದೇ ಡಿಸ್ಕ್, ಟ್ರ್ಯಾಕ್ ಪ್ಯಾಡ್ ಮತ್ತು ಮುಂದಿನ ಎರಡು ಚಕ್ರಗಳಿಗೆ ಸ್ಟೀಲ್ ಹೆಣಿಗೆಯ ಹೋಸ್ (ಬ್ರೇಕ್ ಆಯಿಲ್ ಸಾಗುವ ಪೈಪು) ಎಂದು ಒಪ್ಪಂದವಾಯಿತು. ಕಿಟ್ ಹೋದ ಬೇಸರಕ್ಕೆ ಮಾಲೀಕರು ತೂತು ಕೊರೆದ ಡಿಸ್ಕನ್ನಾದರೂ ಹಾಕಿಸಲೇಬೇಕೆಂದು ಹಟ ಹಿಡಿದರು. ಬಿಸಿಯಾಗಿ ತಣಿಯುವ ಬೀಡುಕಬ್ಬಿಣಕ್ಕೆ ಆ ತೂತಿನ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ ಎಂದು ತಿಳಿದಿದ್ದೂ ನಾನು ಸುಮ್ಮನಾದೆ. ಒಂದು ವಾದದಲ್ಲಿ ಗೆದ್ದವನು ಎರಡನೆಯದರಲ್ಲಿ ಸೋಲಬೇಕು ಎನ್ನುವುದು ನಮ್ಮ ಗ್ಯಾರೇಜಿನ ಲೆಕ್ಕ.

ಹೋಸ್ ಬದಲಿಸಿದ ಮೇಲೆ ಒಳಗೆ ಸೇರಿದ ಗಾಳಿಯನ್ನು, ಅಂದರೆ ಏರ್, ತೆಗೆಯಲೇಬೇಕು. ತೆಗೆಯುತ್ತಿದ್ದಾಗ ರಿಸರ್ವಾಯರಿನಲ್ಲಿ, ಅಂದರೆ ಬ್ರೇಕ್ ಆಯಿಲ್ ತೊಟ್ಟಿಯಲ್ಲಿ, ಮಟ್ಟ ಇಳಿಯಿತು. ಸಹಾಯಕ ಹುಡುಗ, "ಅಣ್ಣ, ಹೊಸ ಡಬ್ಬಿ ತರ್ಲಾ? ಹಳೇದನ್ನೆಲ್ಲ ತೆಗೆದೇ ಬಿಡೋಣ" ಎಂದು ಕೇಳಿದ. ಕಪಾಟಿನಲ್ಲಿ ಮುಚ್ಚಳ ಸಡಿಲವಾಗಿದ್ದ ಅರ್ಧ ಬಾಟಲಿ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಇತ್ತು. ಸಂಜೆ ಆರು ಗಂಟೆ ದಾಟಿತ್ತು, ರಾಂಪಿನ ಮುಂದೆ ಇನ್ನೊಂದು ಗಾಡಿ ಕಾಯುತ್ತಿತ್ತು. "ಇದ್ದದ್ದನ್ನೇ ಹಾಕು, ಗುಳ್ಳೆ ನಿಂತರೆ ಸಾಕು" ಎಂದೆ. ಜಾಬ್ ಕಾರ್ಡಿನ ಸಾಫ್ಟ್‌ವೇರ್‌ನಲ್ಲಿ "ಬ್ರೇಕ್ ಆಯಿಲ್ ಸರಿಯಿದೆ" ಎಂಬ ಚೌಕಕ್ಕೆ ಗುರುತು ತಾನಾಗಿಯೇ ಬಿದ್ದಿರುತ್ತದೆ. ಅದನ್ನು ಅಳಿಸಬೇಕಾದರೆ ಕಾರಣ ಬರೆಯಬೇಕು. ನಾನು ಬರೆಯಲಿಲ್ಲ.

ಮರುದಿನ ಟ್ರಯಲ್‌ಗೆಂದು ಆಗುಂಬೆಗೆ ಹೋದೆವು. ಆಗುಂಬೆ ಇಳಿದ ಬ್ರೇಕು ಎಲ್ಲಿ ಬೇಕಾದರೂ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮ ಕಡೆಯ ಮೇಸ್ತ್ರಿಗಳಲ್ಲಿ ಹಿಂದಿನಿಂದ ಬಂದದ್ದು, ನನ್ನಲ್ಲೂ ಇತ್ತು. ಸೋಮೇಶ್ವರದವರೆಗೆ ಹದಿನಾಲ್ಕು ತಿರುವುಗಳನ್ನೂ ಇಳಿದರೂ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಆದರೆ ಆ ತಿರುವುಗಳಲ್ಲಿ ನಾವಿದ್ದದ್ದು 40 ಕಿಲೋಮೀಟರ್ ವೇಗದಲ್ಲಿ. ಟ್ರ್ಯಾಕಿನ ನೇರ ದಾರಿಯ ಕೊನೆಯಲ್ಲಿ ಕಾರು 120 ದಾಟಿರುತ್ತದೆ. ವೇಗ ಮೂರು ಪಟ್ಟಾದರೆ ಬ್ರೇಕು ಕರಗಿಸಬೇಕಾದ ಶಕ್ತಿ ಒಂಬತ್ತು ಪಟ್ಟಾಗುತ್ತದೆ. ಕೊಯಮತ್ತೂರಿನಿಂದ ಹಿಂದಿರುಗಿದ ಮೇಲೆ ಜಾಬ್ ಕಾರ್ಡಿನ ಬೆನ್ನಿಗೆ ಲೆಕ್ಕ ಹಾಕಿ ನೋಡಿದೆ: 1,200 ಕಿಲೋ ತೂಕದ ಕಾರನ್ನು 120ರಿಂದ 60ಕ್ಕೆ ಇಳಿಸಿದರೆ ಸುಮಾರು 500 ಕಿಲೋಜೂಲ್ ಶಾಖ ಹುಟ್ಟುತ್ತದೆ, ಅದರ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕುಗಳ ಪಾಲಿಗೆ. ಒಂದೇ ಒತ್ತಿಗೆ ಡಿಸ್ಕಿನ ಬಿಸಿ 70 ಡಿಗ್ರಿಗೂ ಮಿಕ್ಕಿ ಏರುತ್ತದೆ, ಅದು ತಣಿಯುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಈ ಲೆಕ್ಕವನ್ನು ಹೋಗುವ ಮೊದಲು ಹಾಕಬೇಕಿತ್ತು.

ಕೊಯಮತ್ತೂರಿನ ಚೆಟ್ಟಿಪಾಳ್ಯಂನ ಆ ಟ್ರ್ಯಾಕಿನ ಸುತ್ತಳತೆ 2.1 ಕಿಲೋಮೀಟರ್. ಗೌಡರು ನನ್ನನ್ನೂ ಹುಡುಗನನ್ನೂ ಕರೆದುಕೊಂಡು ಹೋಗಿದ್ದರು. ಮೊದಲ ಮೂರು ಸುತ್ತು ಚೆನ್ನಾಗಿ ಹೋದವು. ಒಂದೂವರೆ ನಿಮಿಷದ ಆಸುಪಾಸಿಗೆ ಒಮ್ಮೆ ಕಾರು ನಮ್ಮೆದುರು ಹಾದುಹೋಗುತ್ತಿತ್ತು, ನಾನು ಗಡಿಯಾರ ನೋಡುತ್ತಿದ್ದೆ. ನಾಲ್ಕನೇ ಸುತ್ತಿನಲ್ಲಿ ಅದು ಬರಲಿಲ್ಲ. ಎರಡು ನಿಮಿಷವಾಯಿತು, ಎರಡೂವರೆಯಾಯಿತು. ಹುಡುಗ ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ದೂರದಲ್ಲಿ ಮಣ್ಣೆದ್ದದ್ದು ಕಂಡಿತು. ಸ್ವಲ್ಪ ಹೊತ್ತಿನ ಮೇಲೆ ಕಾರು ನಿಧಾನವಾಗಿ ಪಿಟ್‌ಗೆ ತೆವಳಿ ಬಂದಾಗ ಗೌಡರು ಹೆಲ್ಮೆಟ್ ತೆಗೆಯುತ್ತಲೇ, "ಏನು ಮಾರಾಯ್ರೆ, ಪೆಡಲ್ಲೇ ಇಲ್ವಲ್ಲ! ತಳಕ್ಕೆ ಹೋಯ್ತು. ಗೇರು ಇಳಿಸಿ ಮಣ್ಣಿಗೆ ಬಿಟ್ಟೆ" ಎಂದರು.

ನನ್ನ ನಿಜವಾದ ತಪ್ಪು ಇಲ್ಲಿಯದು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ, ಪೆಡಲ್ ತಳಕ್ಕಿಳಿದರೆ ಆಯಿಲ್ ಕುದಿದು, ಒತ್ತಿದರೆ ಕುಗ್ಗುವ ಆವಿಯಾಗಿದೆ ಎನ್ನುವುದು ನಾನೇ ಹೊಸ ಹುಡುಗರಿಗೆ ಹೇಳಿಕೊಡುವ ಮೊದಲ ಪಾಠ. ಗೌಡರು ತಳಕ್ಕೆ ಹೋಯಿತು ಎಂದು ಬಾಯಿಬಿಟ್ಟು ಹೇಳಿದ್ದರು. ಆದರೂ ಕಪಾಟಿನ ಬಾಟಲಿಯ ನೆನಪು ಬಂದದ್ದರಿಂದಲೋ ಏನೋ, "ಪ್ಯಾಡ್ ಇನ್ನೂ ಕೂತಿಲ್ಲ ಗೌಡ್ರೇ, ಅರ್ಧ ಗಂಟೆ ತಣಿಯಲಿ" ಎಂದುಬಿಟ್ಟೆ. ಅರ್ಧ ಗಂಟೆ ಕಳೆದು ಪೆಡಲ್ ಒತ್ತಿ ನೋಡಿದರೆ ಮತ್ತೆ ಗಟ್ಟಿ. ಕುದಿದು ಆವಿಯಾದದ್ದು ತಣಿದ ಮೇಲೆ ಮತ್ತೆ ದ್ರವವಾಗುತ್ತದೆ, ಪೆಡಲ್ ಏನೂ ನಡೆದೇ ಇಲ್ಲವೆಂಬಂತೆ ಮೇಲೆ ಬರುತ್ತದೆ ಎಂಬುದನ್ನು ನಾನು ಅರಿಯದವನಲ್ಲ. ಆದರೂ ಅವರನ್ನು ಎರಡನೇ ಬಾರಿ ಟ್ರ್ಯಾಕಿಗೆ ಬಿಟ್ಟೆ.

ಈ ಬಾರಿ ಮೂರನೇ ಸುತ್ತಿನಲ್ಲೇ ಹೋಯಿತು. ನೇರ ದಾರಿಯ ಕೊನೆಯಲ್ಲಿ ಬ್ರೇಕ್ ದೀಪ ಹತ್ತಿದ್ದನ್ನೂ ಆರಿದ್ದನ್ನೂ ಮತ್ತೆ ಮತ್ತೆ ಹತ್ತಿದ್ದನ್ನೂ ನಾನು ಕಂಡೆ. ಗೌಡರು ಪೆಡಲನ್ನು ಪಂಪ್ ಮಾಡುತ್ತಿದ್ದರು. ಕಾರು ಟೈರ್ ಗೋಡೆಗೆ ಒಂದು ಮಾರು ದೂರದಲ್ಲಿ ನಿಂತಿತು. ಅವರು ಇಳಿದು ಬಂದು ನನಗೆ ಏನೂ ಹೇಳದೆ ನೀರು ಕುಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಏರ್ ತೆಗೆಯುವ ಬ್ಲೀಡ್ ನಿಪ್ಪಲ್ ಬಿಚ್ಚಿದಾಗ ಬಂದದ್ದು ಕಷಾಯದ ಬಣ್ಣದ ದ್ರವ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದಿರಬೇಕು, ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಗೌಡರ ಕಾರಿನಲ್ಲಿದ್ದದ್ದು ತೀರ್ಥಹಳ್ಳಿಯ ಮೂರು ಮಳೆಗಾಲ ಕಂಡ ಆಯಿಲ್, ಅದರ ಮೇಲೆ ನಾನು ಸುರಿಸಿದ್ದು ಶಿವಮೊಗ್ಗದ ಒಂದು ಮಳೆಗಾಲವನ್ನು ಬಾಯಿ ತೆರೆದುಕೊಂಡೇ ಕಳೆದ ಬಾಟಲಿ. ಪಕ್ಕದ ಪಿಟ್‌ನಲ್ಲಿದ್ದ ಬೆಂಗಳೂರಿನ ಹುಡುಗರು ಸೀಲ್ ಒಡೆಯದ ಡಾಟ್ 4 ಡಬ್ಬಿಗಳನ್ನು ಕೊಟ್ಟರು. ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ ಬರುತ್ತ, ತಿಳಿಯಾದ ದ್ರವ ಬರುವವರೆಗೂ ಹಳೆಯದನ್ನೆಲ್ಲ ಹೊರಹಾಕಿದೆವು. ಮಧ್ಯಾಹ್ನ ಗೌಡರು, ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ತಣಿಸಿಕೊಂಡು ಬರಬೇಕೆಂಬ ನನ್ನ ಮಾತಿನಂತೆ, ಐದೈದು ಸುತ್ತಿನ ಎರಡು ಸರದಿ ಓಡಿಸಿದರು, ಪೆಡಲ್ ಇಳಿಯಲಿಲ್ಲ. ಸಂಜೆ ವೀಲ್ ಬಿಚ್ಚಿದಾಗ ಡಿಸ್ಕಿನ ತೂತುಗಳ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಅದರ ಫೋಟೊವನ್ನು ಮಾಲೀಕರಿಗೆ ಕಳುಹಿಸಿದ್ದಕ್ಕೆ ಬಂದ ಉತ್ತರ, "ವಾರಂಟಿ ಕೇಳ್ತಾರಾ?" ಎಂಬುದು.

ಹೊಸ ಡಿಸ್ಕನ್ನು ತೂತಿಲ್ಲದ್ದೇ ಹಾಕಿದೆ. ಲೇಬರ್ ಬಿಟ್ಟುಕೊಟ್ಟದ್ದಕ್ಕೆ ಮಾಲೀಕರು ಎರಡು ದಿನ ಮಾತಾಡಲಿಲ್ಲ. ಆ ಸಾಫ್ಟ್‌ವೇರ್ ಚೌಕ ಇಂದಿಗೂ ತಾನಾಗಿಯೇ ಗುರುತು ಹಾಕಿಕೊಳ್ಳುತ್ತದೆ, ನಾನು ಪ್ರತಿ ಬಾರಿಯೂ ಅಳಿಸಿ ಕಾರಣ ಬರೆಯುತ್ತೇನೆ.

ಜೂನ್‌ನಲ್ಲಿ ಗೌಡರು ಮತ್ತೆ ಬಂದರು. ಮಳೆಯ ಬೆಳಗಿನಲ್ಲಿ ತಣ್ಣಗಿರುವ ಟ್ರ್ಯಾಕ್ ಪ್ಯಾಡ್ ಮೊದಲ ಎರಡು ಒತ್ತಿಗೆ ಹಿಡಿಯುವುದೇ ಇಲ್ಲ, ಊರ ದಾರಿಗೆ ಹಳೆಯ ಪ್ಯಾಡನ್ನೇ ಹಾಕಿಕೊಡಿ ಎಂದರು. ಟ್ರ್ಯಾಕ್ ಪ್ಯಾಡಿಗೆ ಬಿಸಿ ಬೇಕು, ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಬಿಸಿ ಎಲ್ಲಿ ಸಿಗಬೇಕು. ಇದನ್ನೂ ನಾನೇ ಮೊದಲು ಹೇಳಬೇಕಿತ್ತು. ಪ್ಯಾಡ್ ಬದಲಿಸಿದ ಮೇಲೆ ಅವರು ಕಾರಿನ ಡಿಕ್ಕಿಯಿಂದ ಒಂದು ಬ್ರೇಕ್ ಆಯಿಲ್ ಡಬ್ಬಿಯನ್ನು ತೆಗೆದು ನನ್ನ ಕೈಗಿಟ್ಟು, ರಾಂಪಿನ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತು, "ಸೀಲನ್ನ ನನ್ನೆದುರಿಗೇ ಒಡೀರಿ ಮಾರಾಯ್ರೆ" ಎಂದರು. ಹುಡುಗ ರಿಸರ್ವಾಯರಿನ ಮುಚ್ಚಳ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡು ನಗುತ್ತಿದ್ದ.