ಜೀಪಿನಲ್ಲಿ ಲ್ಯಾಪ್‌ಟಾಪ್‌ಗೆ ಜಿಪಿಎಸ್: ಕೊಡಗಿನ ರಸ್ತೆಗೆ ಏನು ಕೊಳ್ಳಬೇಕು?

ತೋಟದ ಸರ್ವೆ, ಮಣ್ಣಿನ ಸ್ಯಾಂಪಲ್, ಕರೆಂಟ್ ಲೈನ್ ತಪಾಸಣೆ ಅಂತ ಲ್ಯಾಪ್‌ಟಾಪ್ ಇಟ್ಟುಕೊಂಡು ಓಡಾಡುವವರು ಮೊದಲು ಕೇಳುವುದು ‘ಯಾವ ಜಿಪಿಎಸ್ ರಿಸೀವರ್ ಒಳ್ಳೆಯದು?’ ಅಂತ. ಅದಕ್ಕೂ ಮೊದಲು ಆಂಟೆನಾ ಎಲ್ಲಿ ಕೂರುತ್ತದೆ, ನಿಮ್ಮ ಸಾಫ್ಟ್‌ವೇರ್ ಅದನ್ನು ಹೇಗೆ ಓದುತ್ತದೆ ಎಂಬುದನ್ನು ತೀರ್ಮಾನಿಸಿಕೊಳ್ಳಿ.

ಪೆನ್‌ಡ್ರೈವ್‌ನಂತೆ ನೇರ ಲ್ಯಾಪ್‌ಟಾಪಿಗೇ ಚುಚ್ಚುವ ರಿಸೀವರ್ ಇಲ್ಲಿಗೆ ಬೇಡ. ಮೇಲೆ ಜೀಪಿನ ತಗಡು, ಪಕ್ಕದಲ್ಲೇ ಲ್ಯಾಪ್‌ಟಾಪಿನ ವಿದ್ಯುತ್ ಗದ್ದಲ, ಹೊರಗೆ ಮಳೆಗಾಲದಲ್ಲಿ ತೊಯ್ದ ಸಿಲ್ವರ್ ಓಕ್ ನೆರಳು. ಮೊದಲೇ ಕ್ಷೀಣವಾದ ಸಿಗ್ನಲನ್ನು ಒದ್ದೆ ಎಲೆ ಇನ್ನಷ್ಟು ಹೀರುತ್ತದೆ. ಅಡಿಯಲ್ಲಿ ಮ್ಯಾಗ್ನೆಟ್, ಒಂದೂವರೆ ಎರಡು ಮೀಟರ್ ಕೇಬಲ್ ಇರುವ ಮೌಸ್ ಆಕಾರದ್ದನ್ನು ಕೊಂಡು ಮಾಡಿನ ಮೇಲೆ ಕೂರಿಸಿ. ಬಟ್ಟೆ ಹುಡ್ಡಿನ ಜೀಪಾದರೆ ಬಾನೆಟ್ ಮೇಲೆ ಅಂಟಿಸಬಹುದು. ಕೇಬಲ್ ಬಾಗಿಲ ರಬ್ಬರಿನ ಸಂದಿಯಿಂದ ಒಳಬರುವ ಮುಂಚೆ ಅದನ್ನು ಹೊರಗೆ ಸ್ವಲ್ಪ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆತ್ತಿ. ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕೇಬಲ್ ಹಿಡಿದು ಸೀಟಿಗೆ ಬರುವುದಿಲ್ಲ.

ಚಿಪ್ ವಿಷಯದಲ್ಲಿ ಜಿಪಿಎಸ್ ಒಂದನ್ನೇ ಹಿಡಿಯುವ ಹಳೆಯದಕ್ಕಿಂತ ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಹಿಡಿಯುವ ಯು-ಬ್ಲಾಕ್ಸ್ 8 ಚಿಪ್ ಅಥವಾ ಅದಕ್ಕಿಂತ ಹೊಸದು ಸಾಕು. ಮಾಕುಟ್ಟ ಘಾಟಿಯಂಥ ಕಡೆ ಆಕಾಶದ ಒಂದು ಪಟ್ಟಿ ಮಾತ್ರ ಕಾಣುವಾಗ ಹೆಚ್ಚಿನ ಉಪಗ್ರಹಗಳೇ ಕೈಹಿಡಿಯುವುದು. ಹೊರಡುವ ಮುಂಚೆ ಬಯಲಲ್ಲಿ ಒಂದೆರಡು ನಿಮಿಷ ನಿಲ್ಲಿಸಿ. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳುಹಿಸುತ್ತದೆ. ಓಡುವ ಗಾಡಿಯಲ್ಲಿ ಮರದಡಿ ಅದು ನಡುವೆ ಕಡಿದುಹೋದರೆ ಮತ್ತೆ ಮುಂದಿನ ಸುತ್ತಿಗೆ ಕಾಯಬೇಕು.

ಇನ್ನು ವಿಂಡೋಸ್ ಕಾಟ. ರಿಸೀವರ್ ಚುಚ್ಚಿಟ್ಟೇ ಲ್ಯಾಪ್‌ಟಾಪ್ ಆನ್ ಮಾಡಿದರೆ ಕರ್ಸರ್ ಹುಚ್ಚೆದ್ದು ಪರದೆ ತುಂಬ ಓಡಬಹುದು. ವೈರಸ್ ಅಲ್ಲ. ಸೆಕೆಂಡಿಗೊಮ್ಮೆ ಬರುವ ಜಿಪಿಎಸ್ ಸಾಲುಗಳನ್ನು ವಿಂಡೋಸ್ ಹಳೆಯ ಸೀರಿಯಲ್ ಮೌಸ್ ಎಂದು ತಿಳಿದಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್‌ಗಳ ಕೆಳಗೆ ‘ಸೀರಿಯಲ್ ಬಾಲ್‌ಪಾಯಿಂಟ್’ ಎಂದಿರುವುದನ್ನು ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಿದರೆ ಮತ್ತೆ ಬರುತ್ತದೆ. ಅಲ್ಲೇ ರಿಸೀವರಿನ ಕಾಮ್ ಪೋರ್ಟ್ (ಪ್ರೋಗ್ರಾಂಗಳು ಅದನ್ನು ಓದುವ ದಾರಿ) ನಂಬರ್ ಬರೆದುಕೊಳ್ಳಿ, ರಿಸೀವರನ್ನು ದಿನಾ ಅದೇ ಯುಎಸ್‌ಬಿ ತೂತಿಗೆ ಹಾಕಿ. ಬಾಡ್ ರೇಟ್, ಅಂದರೆ ಸಾಲುಗಳು ಬರುವ ವೇಗ, ಯು-ಬ್ಲಾಕ್ಸ್ 8ಕ್ಕೆ ಸಾಮಾನ್ಯವಾಗಿ 9600, ಹಳೆಯ ಸರ್ಫ್ ಚಿಪ್ಪಿನವಕ್ಕೆ 4800. ಇದು ತಪ್ಪಿದರೆ ಅಕ್ಷರಗಳೆಲ್ಲ ಕಸವಾಗಿ ಬರಬಹುದು.

ವಿಂಡೋಸ್‌ನಲ್ಲಿ ಒಂದು ಕಾಮ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ತೆರೆಯಬಲ್ಲದು. ಉಪಗ್ರಹ ನೋಡುವ ಸಾಫ್ಟ್‌ವೇರ್ ತೆರೆದೇ ಇಟ್ಟು ‘ಕ್ಯೂಜಿಐಎಸ್ (ನಕ್ಷೆ ನೋಡುವ, ಮಾಡುವ ಸಾಫ್ಟ್‌ವೇರ್) ಕನೆಕ್ಟ್ ಆಗ್ತಿಲ್ಲ’ ಅನ್ನುವವರೇ ಜಾಸ್ತಿ. ಲಿನಕ್ಸ್‌ನಲ್ಲಿ ಜಿಪಿಎಸ್‌ಡಿ ಎಂಬ ಹಿನ್ನೆಲೆ ಪ್ರೋಗ್ರಾಂ ಒಂದೇ ರಿಸೀವರನ್ನು ಹಲವು ಪ್ರೋಗ್ರಾಂಗಳಿಗೆ ಹಂಚುತ್ತದೆ. ಎರಡು ಮೂರು ಪ್ರೋಗ್ರಾಂ ಒಟ್ಟಿಗೆ ಬೇಕಾದವರಿಗೆ ನಮ್ಮ ಸಲಹೆ ಅದೇ.

ತೋಟದ ಗಡಿ, ಪ್ಲಾಟು, ಸ್ಯಾಂಪಲ್ ಜಾಗ ನೋಡಲು ಕ್ಯೂಜಿಐಎಸ್ ಬಿಟ್ಟರೆ ಬೇರೆ ಬೇಡ. ಅದು ‘ಎಡಕ್ಕೆ ತಿರುಗಿ’ ಅನ್ನುವುದಿಲ್ಲ, ಅದಕ್ಕೆ ನ್ಯಾವಿಟ್‌ನಂಥ ದಾರಿ ಹೇಳುವ ಸಾಫ್ಟ್‌ವೇರ್ ಬೇಕು. ಬ್ರೌಸರಿನ ಮ್ಯಾಪನ್ನು ನೆಚ್ಚಬೇಡಿ. ಅದು ಕಾಮ್ ಪೋರ್ಟನ್ನು ತಾನಾಗಿ ಓದುವುದಿಲ್ಲ, ನೆಟ್‌ವರ್ಕ್ ಹೋದರೆ ಹೊಸ ನಕ್ಷೆಯೂ ಬರುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ (ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ) ದತ್ತಾಂಶವನ್ನು ಆಫೀಸಿನಲ್ಲೇ ಇಳಿಸಿಕೊಂಡು ಹೊರಡಿ.

ರಿಸೀವರಿನ ಸಾಲುಗಳನ್ನು ಎಕ್ಸೆಲ್‌ಗೆ ಹಾಕುವವರು ಒಂದು ಗಮನಿಸಿ. ಅದರಲ್ಲಿ ಅಕ್ಷಾಂಶ 1225.2 ಅಂದರೆ 12 ಡಿಗ್ರಿ 25.2 ಮಿನಿಟು, ಅಂದರೆ 12.42 ಡಿಗ್ರಿ. ಮಿನಿಟನ್ನು 60ರಿಂದ ಭಾಗಿಸದೆ 12.252 ಎಂದು ಬರೆದು, ರೇಖಾಂಶದ 07544.4 ಅನ್ನೂ ಹಾಗೇ 75.444 ಮಾಡಿದರೆ ಮಡಿಕೇರಿಯ ಗುರುತು ಕೇರಳದಲ್ಲಿ ಬೀಳುತ್ತದೆ.

ಸಂಪಾಜೆ ಘಾಟಿಯ ತಿರುವುಗಳಲ್ಲಿ ಮೇಲಿನ ರಸ್ತೆ, ಕೆಳಗಿನ ರಸ್ತೆ ನಕ್ಷೆಯಲ್ಲಿ ಒತ್ತೊತ್ತಾಗಿರುತ್ತವೆ. ಗುರುತನ್ನು ಹತ್ತಿರದ ರಸ್ತೆಗೆ ಅಂಟಿಸುವ ಸಾಫ್ಟ್‌ವೇರ್ ಒಮ್ಮೊಮ್ಮೆ ಪಕ್ಕದ ತಿರುವಿಗೆ ಹಾರುತ್ತದೆ. ಗಾಡಿ ನಿಂತಾಗ ದಿಕ್ಕಿನ ಬಾಣ ಸುತ್ತುವುದೂ ಸಹಜ, ಏಕೆಂದರೆ ಆ ದಿಕ್ಕು ಚಲನೆಯಿಂದ ಲೆಕ್ಕ ಹಾಕಿದ್ದು. ನಕ್ಷೆಯನ್ನು ಉತ್ತರ ಮೇಲಿರುವಂತೆ ಇಟ್ಟುಕೊಳ್ಳಿ. ತೋಟದೊಳಗಿನ ರೋಡನ್ನು ಸಾರ್ವಜನಿಕ ರಸ್ತೆ ಎಂದು ತೋರಿಸಿ ಬೀಗ ಹಾಕಿದ ಗೇಟಿನ ಮುಂದೆ ನಿಲ್ಲಿಸಿದರೆ, ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾಸಗಿ ಎಂದು ತಿದ್ದಿ. ಮುಂದಿನ ಸಲ ನಕ್ಷೆ ಇಳಿಸಿಕೊಂಡವರಿಗೆ ಆ ಗೇಟಿನ ದಾರಿ ತೋರಿಸುವುದಿಲ್ಲ.